ಖಂಡಸ್ಫುಟಿತ ಜೀರ್ಣೋದ್ಧಾರ

ಕನ್ನಡ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಚಿರಪರಿಚಿತವಾದುದು. ಅರಸನಾಗಲಿ, ದಂಡನಾಯಕನಾಗಲಿ, ಊರಿನ ಗಾವುಂಡನಾಗಲಿ ದೇಗುಲಕ್ಕೆ ಭೂಮಿಯನ್ನು ಬಿಡುವಾಗ, ದೇವರ ಅಂಗಭೋಗ ರಂಗಭೋಗಗಳಿಗೆ, ತಪೋಧನರ ಆಹಾರದಾನಕ್ಕೆ ಎಂದು ಬರೆಯಿಸಿ, ಅದರೊಡನೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದೂ ಸೇರಿಸುತ್ತಿದ್ದನು. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರುಕು ಬಿಟ್ಟುದು, ಜೀರ್ಣವೆಂದರೆ ಕಾಲವಶದಿಂದ ಸವೆದುದು. ಕಟ್ಟುವ ದಿನವೇ ಮುಂದೆ ಮುರಿಯುವ ದಿನವನ್ನು ನೆನೆದು ಅದಕ್ಕೆ ವೃತ್ತಿಯನ್ನು ಕಲ್ಪಿಸಿದ ಆ ಹಿರಿಯರ ವಿವೇಕವು ದೊಡ್ಡದು. ಹೊಸ ಗುಡಿಯನ್ನು ಕಟ್ಟಿಸುವ ಪುಣ್ಯಕ್ಕಿಂತ ಬಿದ್ದ ಗುಡಿಯನ್ನು ಎತ್ತಿ ನಿಲ್ಲಿಸುವ ಪುಣ್ಯವು ಮಿಗಿಲೆಂಬ ನಂಬುಗೆಯೂ ಜನರಲ್ಲಿ ಬಹುಕಾಲದಿಂದ ಉಳಿದುಬಂದಿದೆ.

ಆದರೆ ಈ ಮಾತು ಗುಡಿಗೋಪುರಗಳಿಗೆ ಮಾತ್ರ ಸಲ್ಲತಕ್ಕದ್ದೋ, ಗೃಹಸ್ಥನ ಮನೆಗೂ ಸಲ್ಲತಕ್ಕದ್ದೋ ಎಂಬುದನ್ನು ವಿಚಾರಿಸಬೇಕು. ಶಿವಭಕ್ತನಿಗೆ ಮನೆಯೇ ಮಠ, ದುಡಿಮೆಯೇ ಪೂಜೆ. ಅಂತಹ ಮನೆಯಲ್ಲಿ ಲಿಂಗಾರ್ಚನೆಗೆ ಕುಳಿತುಕೊಳ್ಳುವ ಮಣೆಯುಂಟು. ಜಂಗಮರು ಬಂದರೆ ಹಾಸಿಕೊಡುವ ಮಂಚವುಂಟು. ಕೂಸನ್ನು ತೂಗುವ ತೊಟ್ಟಿಲುಂಟು. ಕಾಳುಕಡಿ, ಅರಿವೆ, ಕಾಗದಪತ್ರಗಳನ್ನಿಡುವ ಪೆಟ್ಟಿಗೆಯುಂಟು. ಇವೆಲ್ಲವೂ ಒಂದಲ್ಲ ಒಂದು ದಿನ ಮುರಿಯುವುವು, ಬಿರಿಯುವುವು, ಸವೆಯುವುವು. ಆಗ ಗೃಹಸ್ಥನು ಏನು ಮಾಡಬೇಕು?

ಈಗಿನ ಕಾಲದಲ್ಲಿ ಈ ಪ್ರಶ್ನೆಗೆ ಬಹುಮಂದಿ ಕೊಡುವ ಉತ್ತರವು ಒಂದೇ. ಹಳೆಯದನ್ನು ಗುಜರಿಯವನಿಗೆ ಹಾಕು, ಹೊಸದನ್ನು ತಾ. ಅಣ್ಣತಮ್ಮಂದಿರು ಬೇರೆಯಾಗುವರು, ತೊಟ್ಟಿಯ ಮನೆಯನ್ನು ಕೆಡವಿ ಗಾರೆಯ ಮನೆಯನ್ನು ಕಟ್ಟುವರು, ಮಕ್ಕಳು ಪಟ್ಟಣದಲ್ಲಿ ನೆಲೆಸುವರು. ಅಜ್ಜನ ಕಾಲದ ಮಂಚಕ್ಕೆ ಹೊಸ ಮನೆಯ ಬಾಗಿಲು ಕಿರಿದಾಗುತ್ತದೆ. ಅದು ಮೊದಲು ಹಿತ್ತಿಲ ಚಪ್ಪರಕ್ಕೆ, ಅಲ್ಲಿಂದ ಮಳೆಗೆ, ಕಡೆಗೆ ಒಲೆಗೆ ಅಥವಾ ತೂಕದ ಲೆಕ್ಕದಲ್ಲಿ ಹಳೆಯ ಸಾಮಾನಿನವನ ಗಾಡಿಗೆ ಹೋಗುತ್ತದೆ. ಅದರ ಸ್ಥಾನಕ್ಕೆ ಬರುವ ಕಪಾಟು ಹಲವು ವೇಳೆ ಮರದ ಹೊಟ್ಟನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯದು. ಮೇಲೆ ಹೊಳೆಯುವ ಹೊದಿಕೆಯುಂಟು. ಅಂಚು ಒಡೆದು ನೀರು ಒಳಗೆ ಹೋಯಿತೆಂದರೆ ಅದು ಊದಿಕೊಂಡು ಪುಡಿಯಾಗುತ್ತದೆ. ಅದನ್ನು ಬಿಚ್ಚಿ ಮತ್ತೆ ಜೋಡಿಸಲು ಹೋದರೆ ತಿರುಪುಮೊಳೆಗೆ ಹಿಡಿತವೇ ಇರುವುದಿಲ್ಲ. ಹೀಗೆ ಮೂರು ತಲೆಮಾರು ಬಾಳಿದುದನ್ನು ಕೊಟ್ಟು, ಕೆಲವೇ ವರ್ಷ ಬಾಳುವುದನ್ನು ತಂದುಕೊಳ್ಳುವ ವ್ಯಾಪಾರವು ಅನೇಕ ಮನೆಗಳಲ್ಲಿ ನಡೆದಿದೆ.

ಇದರ ನಡುವೆ ಹಳೆಯ ಮರದ ಸಾಮಾನನ್ನು ಹುಡುಕಿ ತಂದು ಹೊಸ ಜೀವವನ್ನು ಕೊಡುವ ಜನರೂ ಇದ್ದಾರೆಂಬುದು ಸಂತೋಷದ ಸಂಗತಿ. ಮುಂಬಯಿಯ ಚೋರ್ ಬಜಾರಿನಲ್ಲಿ ಹಳೆಯ ಕುರ್ಚಿ ಮೇಜುಗಳ ಅಂಗಡಿಗಳ ಸಾಲುಗಳಿವೆ. ತಮಿಳುನಾಡಿನ ಕಾರೈಕುಡಿಯಲ್ಲಿ, ಚೆಟ್ಟಿಯಾರರ ಮಹಾಮನೆಗಳು ಬಿದ್ದಂತೆ ಅವುಗಳ ಬರ್ಮಾ ತೇಗದ ಕಂಬ, ಬಾಗಿಲು, ಪೆಟ್ಟಿಗೆಗಳು ಮುನೀಶ್ವರನ ಗುಡಿಯ ಬೀದಿಯ ಅಂಗಡಿಗಳಿಗೆ ಬಂದು ಸೇರುತ್ತವೆ. ಬೆಂಗಳೂರಿನ ಪೇಟೆಯಲ್ಲಿ ಭಾನುವಾರದ ಹಳೆಯ ಸಾಮಾನಿನ ಸಂತೆಯು ಬಹುಕಾಲದ್ದು. ಸರ್ಕಾರಿ ಕಚೇರಿಗಳೂ ಶಾಲೆಗಳೂ ನಿರುಪಯುಕ್ತವೆಂದು ತೆಗೆದ ಬೆಂಚು, ಮೇಜುಗಳನ್ನು ಹರಾಜಿಗೆ ಹಾಕುವುದುಂಟು. ಇಂದು ಕೈಯಲ್ಲಿರುವ ದೂರವಾಣಿಯಲ್ಲಿಯೇ ನೂರಾರು ಮನೆಗಳ ಹಳೆಯ ವಸ್ತುಗಳ ಚಿತ್ರಗಳನ್ನು ನೋಡಿ ಆರಿಸುವ ಅನುಕೂಲವೂ ಆಗಿದೆ. ಕನ್ನಡ ನಾಡಿನಲ್ಲಿ ಈ ಕಾರ್ಯವನ್ನು ವ್ರತದಂತೆ ನಡೆಸಿದವರು ಮಣಿಪಾಲದ ವಿಜಯನಾಥ ಶೆಣೈಯವರು. ಬ್ಯಾಂಕಿನ ಉದ್ಯೋಗದಲ್ಲಿದ್ದ ಅವರು, ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಹುಡುಕಿ, ಮರಮುಟ್ಟುಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ೨೦೧೭ರಲ್ಲಿ ಅವರು ಕಾಲವಾದರು. ಅವರು ಸ್ಥಾಪಿಸಿದ ಹಸ್ತಶಿಲ್ಪದ ಆವರಣದಲ್ಲಿ ಮಿಯಾರಿನ ಮನೆ, ಕುಕನೂರಿನ ಕಮಲಮಹಲ್, ಮುಧೋಳದ ಅರಮನೆಯ ದರ್ಬಾರು ಮಂಟಪಗಳೊಡನೆ ಜಂಗಮ ಮಠವೊಂದರ ಕಟ್ಟಡವೂ ಉಳಿದುಕೊಂಡಿದೆ.

ಶಿವಭಕ್ತನಾದವನಿಗೆ ಈ ಕಾರ್ಯವು ತಕ್ಕದೇ ಎಂದು ಕೆಲವರು ಕೇಳಬಹುದು. ಶರಣರು ನಿಂತಿರುವ ಸ್ಥಾವರಕ್ಕಿಂತ ನಡೆದಾಡುವ ಜಂಗಮವನ್ನು ಮೇಲೆಂದರು. ಹೀಗಿರಲು ಹಳೆಯ ಮರದ ತುಂಡಿನ ಮೇಲೆ ಇಷ್ಟು ಆಸಕ್ತಿಯೇಕೆ ಎಂಬುದು ಅವರ ಶಂಕೆ. ಶಂಕೆಯು ಯೋಗ್ಯವಾದುದು, ಅದಕ್ಕೆ ಮುಂದೆ ಸಮಾಧಾನವುಂಟು. ಈಗ ಇಷ್ಟನ್ನು ಮಾತ್ರ ನೆನೆಯಬಹುದು. ಹನ್ನೆರಡನೆಯ ಶತಮಾನದ ಆ ಕಲ್ಯಾಣದಲ್ಲಿ ಮೇದರ ಕೇತಯ್ಯನು ಬಿದಿರು ಸೀಳಿ ಬುಟ್ಟಿ ಹೆಣೆದನು. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದನು. ಬಾಚಿ ಕಾಯಕದ ಬಸವಯ್ಯನು ಬಾಚಿ ಹಿಡಿದು ಮರಗೆಲಸ ಮಾಡಿದನು. ಬಡಗಿಯ ಆಯುಧವೇ ಒಬ್ಬ ಶರಣನ ಹೆಸರಾಗಿ ನಿಂತಿರುವಾಗ, ಬಡಗಿಯು ಬೆವರು ಸುರಿಸಿ ಮಾಡಿದ ವಸ್ತುವನ್ನು ಕಾಲಿನಿಂದ ಒದ್ದು ಹಿತ್ತಿಲಿಗೆ ನೂಕುವುದು ಕಾಯಕಕ್ಕೆ ಮಾಡಿದ ಅಪಚಾರವಲ್ಲವೇ? ಇನ್ನು ಮರದ ಕಡೆಯಿಂದ ನೋಡಿದರೆ, ನೆಟ್ಟು ಬೆಳೆಸಿದ ತೇಗವು ಕಡಿಯುವ ಹದಕ್ಕೆ ಬರಲು ಐವತ್ತು ಅರುವತ್ತು ವರ್ಷಗಳು ಬೇಕು. ಬೀಟೆಯು ಅದಕ್ಕಿಂತಲೂ ನಿಧಾನವಾಗಿ ಬಲಿಯುತ್ತದೆ. ಕಾಡಿನಲ್ಲಿ ಅದು ಎಷ್ಟು ವಿರಳವಾಗಿದೆಯೆಂದರೆ, ೨೦೧೭ರಿಂದ ಬೀಟೆಯ ಕುಲವೆಲ್ಲವನ್ನೂ ದೇಶದೇಶಗಳ ನಡುವಣ ವ್ಯಾಪಾರದ ನಿಯಂತ್ರಣದ ಪಟ್ಟಿಗೆ ಸೇರಿಸಲಾಗಿದೆ. ಒಂದು ಹಳೆಯ ಕಪಾಟನ್ನು ಉಳಿಸಿಕೊಂಡವನು ಕಾಡಿನ ಒಂದು ಮರಕ್ಕೆ ಅಭಯವನ್ನಿತ್ತಂತೆ.

ಆದುದರಿಂದ ಈ ಕಾಯಕವನ್ನು ಕೈಗೊಳ್ಳುವ ಗೃಹಸ್ಥನು ಮೊದಲು ಪರೀಕ್ಷೆಯನ್ನು ಕಲಿಯಬೇಕು. ವಸ್ತುವಿನ ಮುಖವನ್ನು ನೋಡಿ ಮರುಳಾಗಬಾರದು. ಅದರ ಬೆನ್ನನ್ನೂ ಅಡಿಯನ್ನೂ ನೋಡಬೇಕು. ಮುಂದಿನ ಹಲಗೆಗೆ ಬಣ್ಣ ಹಚ್ಚಿ ಮೆರುಗು ಕೊಟ್ಟವರು ಹಿಂದಿನ ಹಲಗೆಯನ್ನು ಹಾಗೆಯೇ ಬಿಟ್ಟಿರುತ್ತಾರೆ. ಮರದ ಜಾತಿಯು ಅಲ್ಲಿ ತಿಳಿಯುತ್ತದೆ. ಸೆಳೆಖಾನೆಯನ್ನು ಪೂರಾ ಹೊರಗೆಳೆದು ಅದರ ಮೂಲೆಯನ್ನು ನೋಡಬೇಕು. ಹಳೆಯ ಬಡಗಿಯು ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರ ತೂತಿನಲ್ಲಿ ಕೂಡಿಸಿ, ಮರದ ಬೆಣೆಯನ್ನೇ ಹೊಡೆದು ಬಿಗಿಯುತ್ತಿದ್ದನು. ಅಂತಹ ಕೂಡಿಕೆ ಸಡಿಲವಾದರೂ ಮತ್ತೆ ಬಿಗಿಯಬಹುದು. ಹೊಡೆದ ಕಬ್ಬಿಣದ ಮೊಳೆಯಾದರೋ ತುಕ್ಕು ಹಿಡಿದು ತನ್ನ ಸುತ್ತಲಿನ ಮರವನ್ನೂ ಕೆಡಿಸಿರುತ್ತದೆ. ಕುಟ್ಟೆ ಹುಳುವಿನ ಸಣ್ಣ ತೂತುಗಳು ಕಂಡರೆ ಹೆದರಬೇಕಾದುದಿಲ್ಲ. ವಸ್ತುವನ್ನು ತಟ್ಟಿ ಕೆಳಗೆ ಹೊಸ ಬಿಳಿಯ ಪುಡಿ ಉದುರುತ್ತದೆಯೇ ಎಂದು ನೋಡಬೇಕು. ಪುಡಿ ಉದುರಿದರೆ ಹುಳು ಇನ್ನೂ ಒಳಗಿದೆ. ಅಂತಹುದನ್ನು ಮದ್ದು ಮಾಡದೆ ಮನೆಯೊಳಗೆ ತಂದರೆ ಬೇರೆ ಮರಕ್ಕೂ ಹಬ್ಬುತ್ತದೆ. ನಾಲ್ಕು ಕಾಲುಗಳನ್ನೂ ಮುಟ್ಟಿ ನೋಡಬೇಕು; ನೆಲದ ತೇವವೂ ಗೆದ್ದಲೂ ಮೊದಲು ಹಿಡಿಯುವುದು ಕಾಲುಗಳನ್ನೇ.

ಪರೀಕ್ಷೆಯಾದ ಮೇಲೆ ಉದ್ಧಾರ. ಶಾಸನದ ಮೂರು ಪದಗಳು ಇಲ್ಲಿ ಮೂರು ದಾರಿಗಳನ್ನು ತೋರಿಸುತ್ತವೆ.

ಜೀರ್ಣವಾದುದಕ್ಕೆ ಬೇಕಾದುದು ತಾಳ್ಮೆ. ಹಳೆಯ ಕುರ್ಚಿ ಕಪ್ಪಾಗಿದೆಯೆಂದೊಡನೆ ಕೀಸುಳಿ ಹಿಡಿದು ಮರವನ್ನು ಕೆರೆದುಬಿಡುವವರುಂಟು. ನೂರು ವರ್ಷಗಳ ಕೈಸ್ಪರ್ಶದಿಂದ ಬಂದ ಕಾಂತಿಯು ಆ ಕೆರೆತದೊಡನೆ ಹೊರಟುಹೋಗುತ್ತದೆ. ಅದನ್ನು ಯಾವ ಬಡಗಿಯೂ ಮತ್ತೆ ತರಲಾರನು. ಮೊದಲು ಒದ್ದೆಯ ಅರಿವೆಯಿಂದ ಕೊಳೆಯನ್ನು ಒರಸಬೇಕು. ಬಳಿಕ ಕಾಣದ ಮೂಲೆಯಲ್ಲಿ ಒಂದು ತೊಟ್ಟು ಸ್ಪಿರಿಟ್ಟನ್ನು ಹಚ್ಚಿ ನೋಡಬೇಕು. ಮೆರುಗು ಮೆತ್ತಗಾಗಿ ಅಂಟಿದರೆ ಅದು ಅರಗಿನ ಮೆರುಗು. ಅರಗಿನ ಹಾಳೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಮೆತ್ತನೆಯ ಅರಿವೆಯ ಉಂಡೆಯಿಂದ ತೆಳುವಾಗಿ ಹಲವು ಸಲ ಹಚ್ಚಿದರೆ ಹಳೆಯ ಮೆರುಗು ಹೊಸದರೊಡನೆ ಬೆರೆತು ಮತ್ತೆ ಎಚ್ಚರಗೊಳ್ಳುತ್ತದೆ. ಅಗಸೆಯ ಎಣ್ಣೆಯನ್ನು ಹಚ್ಚುವವರು ಒಂದು ಅಪಾಯವನ್ನು ತಿಳಿದಿರಬೇಕು. ಆ ಎಣ್ಣೆಯ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ತಾನೇ ಕಾದು ಹೊತ್ತಿಕೊಳ್ಳಬಲ್ಲುದು. ಅದನ್ನು ಬಿಚ್ಚಿ ಹರಡಿ ಹೊರಗೆ ಒಣಗಿಸಬೇಕು. ಬಣ್ಣ ಹಚ್ಚಿದ ಹಳೆಯ ವಸ್ತುವಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರವು ಬೇಕು. ಹಿಂದಿನ ಬಣ್ಣಗಳಲ್ಲಿ ಸೀಸವು ಸೇರಿರುತ್ತಿತ್ತು. ಮನೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಬಾರದೆಂದು ಭಾರತದಲ್ಲಿ ನಿಯಮವಾದುದು ೨೦೧೬ರಲ್ಲಿ. ಅದು ಜಾರಿಗೆ ಬಂದುದು ೨೦೧೭ರಲ್ಲಿ. ಆದುದರಿಂದ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ನೀರು ಹಚ್ಚಿ ಒದ್ದೆ ಮಾಡಿ, ಮೂಗುಬಾಯಿ ಮುಚ್ಚಿಕೊಂಡು, ಬಯಲಿನಲ್ಲಿ ತೆಗೆಯಬೇಕು. ಮಕ್ಕಳನ್ನೂ ಬಸುರಿಯರನ್ನೂ ಹತ್ತಿರ ಬಿಡಬಾರದು. ತೊಟ್ಟಿಲಿಗೆ ಹೊಸ ಬಣ್ಣ ಹಚ್ಚುವವನು ಇದನ್ನು ಎರಡು ಸಲ ಯೋಚಿಸಬೇಕು. ಕೂಸು ಅಂಚನ್ನು ಕಚ್ಚುವುದುಂಟು.

ಸ್ಫುಟಿತವಾದುದಕ್ಕೆ ಬೇಕಾದುದು ಮರದ ಸ್ವಭಾವದ ಅರಿವು. ಕಡಿದು ನೂರು ವರ್ಷವಾದರೂ ಮರವು ಮಳೆಗಾಲದಲ್ಲಿ ತೇವವನ್ನು ಹೀರಿ ಅಗಲವಾಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚು ವ್ಯತ್ಯಾಸವಿಲ್ಲ, ಅಡ್ಡಕ್ಕೆ ಉಂಟು. ಹಲಗೆಗೆ ಅಲುಗಾಡಲು ಎಡೆಯಿಲ್ಲದಂತೆ ಬಿಗಿದರೆ ಅದು ಬಿರಿಯುತ್ತದೆ. ಬೇಸಗೆಯ ಬಿರುಕಿಗೆ ಗಟ್ಟಿಯಾದ ಲೇಪವನ್ನು ತುಂಬಿದರೆ ಮಳೆಗಾಲದಲ್ಲಿ ಮರವು ಹಿಗ್ಗಿ ಪಕ್ಕದಲ್ಲಿಯೇ ಒಡೆದೀತು. ಬಲ್ಲ ಬಡಗಿಯು ಅದೇ ಜಾತಿಯ ಮರದ ತೆಳುವಾದ ಚಕ್ಕೆಯನ್ನು ನಾರಿನ ದಿಕ್ಕಿಗೆ ಅನುಸರಿಸಿ ಕೂಡಿಸುತ್ತಾನೆ. ಸಣ್ಣ ಬಿರುಕಾದರೆ ಹಾಗೆಯೇ ಬಿಡುತ್ತಾನೆ. ಹಳೆಯ ಕಾಲದ ಅಂಟು ಸರೇಸು. ಅದು ಬಿಸಿ ನೀರಿಗೆ ಕರಗುವುದರಿಂದ ಕೂಡಿಕೆಯನ್ನು ಬಿಚ್ಚಿ ಮತ್ತೆ ಬಿಗಿಯುವುದಕ್ಕೆ ಅನುಕೂಲ. ಆದರೆ ಅದು ಚರ್ಮ ಮೂಳೆಗಳಿಂದ ಆಗುವಂಥದು. ಆ ಸಂಕೋಚವುಳ್ಳ ಭಕ್ತರು ಪೂಜೆಯ ಮಣೆಗೆ, ಲಿಂಗದ ಪೆಟ್ಟಿಗೆಗೆ, ಈಗ ದೊರೆಯುವ ಬಿಳಿಯ ಅಂಟನ್ನು ಬಳಸಬಹುದು. ಯಾವುದನ್ನು ಬಳಸಿದರೂ ಬಡಗಿಯನ್ನು ಕೇಳಿ ತಿಳಿದುಕೊಳ್ಳುವುದು ಲೇಸು.

ಖಂಡವಾದುದಕ್ಕೆ ಬೇಕಾದುದು ಪ್ರಾಮಾಣಿಕತೆ. ಹೋದ ಕಾಲಿಗೆ ಹೊಸ ಕಾಲನ್ನು ಕೂಡಿಸಿದರೆ ಅದು ಹೊಸದೆಂದು ತಿಳಿಯುವಂತಿದ್ದರೂ ದೋಷವಿಲ್ಲ. ಬೆತ್ತ ಹರಿದ ಕುರ್ಚಿಗೆ ಮತ್ತೆ ಬೆತ್ತವನ್ನು ಹೆಣೆಯಿಸಬೇಕು. ದೃಷ್ಟಿಯಿಲ್ಲದ ಎಷ್ಟೋ ಮಂದಿ ಬೆರಳಿನ ಅರಿವಿನಿಂದಲೇ ಈ ಹೆಣಿಗೆಯನ್ನು ಕಲಿತು ಸ್ವಂತ ದುಡಿಮೆಯಿಂದ ಬಾಳುತ್ತಿದ್ದಾರೆ. ಕುರ್ಚಿಯು ಬದುಕುವುದರೊಡನೆ ಒಂದು ಮನೆಯೂ ಬದುಕುತ್ತದೆ. ಇದಕ್ಕೆ ವಿರುದ್ಧವಾಗಿ, ಹೊಸ ಮರಕ್ಕೆ ಹೊಗೆ ಹಿಡಿಸಿ, ಸರಪಳಿಯಿಂದ ಬಡಿದು, ಬೈರಿಗೆಯಿಂದ ಹುಳುವಿನ ತೂತು ಮಾಡಿ ‘ಇದು ಅರಮನೆಯ ಕಾಲದ್ದು’ ಎಂದು ಮಾರುವವರೂ ಇದ್ದಾರೆ. ಕೈ ದುಡಿದಿದ್ದರೂ ಅದು ಕಾಯಕವಾಗದು. ಸತ್ಯಶುದ್ಧವಲ್ಲದ ದುಡಿಮೆಯ ಫಲವನ್ನು ದಾಸೋಹಕ್ಕೆ ತಂದರೂ ಅದು ಪ್ರಸಾದವಾಗದು.

ಹೀಗೆ ಮಾರುವವನ ಸತ್ಯವೊಂದಾದರೆ, ಕೊಳ್ಳುವವನ ಸತ್ಯವು ಇನ್ನೊಂದು. ಇದನ್ನು ಜನರು ಅಷ್ಟಾಗಿ ಯೋಚಿಸುವುದಿಲ್ಲ. ‘ಅವನಿಗೆ ಬೆಲೆ ತಿಳಿಯದು, ಅಗ್ಗದಲ್ಲಿ ಹೊಡೆದೆ’ ಎಂದು ಹಿಗ್ಗುವವರನ್ನು ಎಲ್ಲೆಲ್ಲಿಯೂ ಕಾಣಬಹುದು. ಇದಕ್ಕೆ ಒಂದು ದೃಷ್ಟಾಂತವನ್ನು ಭಾವಿಸಿಕೊಳ್ಳಬಹುದು. ಒಬ್ಬ ಗೃಹಸ್ಥನು ಪಕ್ಕದ ಹಳ್ಳಿಯಲ್ಲಿ ಒಬ್ಬ ಮುದುಕಿಯ ಮನೆಯಿಂದ ಹಸುರು ಬಣ್ಣ ಬಳಿದ ಒಂದು ಕಪಾಟನ್ನು ಕೊಂಡನು. ಮುದುಕಿಯ ಮಗನು ಪಟ್ಟಣಕ್ಕೆ ಕರೆದಿದ್ದನು. ಮನೆಯನ್ನು ಖಾಲಿ ಮಾಡಬೇಕಾಗಿದ್ದಿತು. ಕಾಡುಮರದ ಕಪಾಟೆಂದು ಇಬ್ಬರೂ ತಿಳಿದರು; ೧,೫೦೦ ರೂಪಾಯಿಗೆ ಮಾತು ಮುಗಿಯಿತು. ಗೃಹಸ್ಥನು ಮನೆಗೆ ತಂದು, ಹೊರಗಿನ ಬಾಗಿಲ ಬಣ್ಣವನ್ನು ಒದ್ದೆ ಮಾಡಿ ತೆಗೆಯುತ್ತಿದ್ದಂತೆ ಒಳಗಿನಿಂದ ನೇರಿಳೆಯ ಛಾಯೆಯ ಕರಿಯ ಮರ, ಅದರಲ್ಲಿ ಗೆರೆಗೆರೆಯಾದ ನಾರು ಕಾಣಿಸಿಕೊಂಡಿತು. ಬೀಟೆ! ನೆರೆಯ ಬಡಗಿಯು ಬಂದು ನೋಡಿ, ಇಪ್ಪತ್ತು ಸಾವಿರಕ್ಕೆ ಕಡಮೆಯಿಲ್ಲವೆಂದನು. ಗೃಹಸ್ಥನಿಗಾದ ಆನಂದಕ್ಕೆ ಪಾರವಿಲ್ಲ. ಶಿವನು ಕೊಟ್ಟನೆಂದು ವಿಭೂತಿಯನ್ನು ಧರಿಸಿ ಕೈಮುಗಿದನು.

ಹೆಂಡತಿಯು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. “ಶಿವನು ಕೊಟ್ಟನೋ, ಆ ಅವ್ವ ಕೊಟ್ಟಳೋ?” ಎಂದಳು. “ಅವಳು ಮಾರಿದಳು, ನಾನು ಕೊಂಡೆ. ನನಗೂ ಆಗ ತಿಳಿದಿರಲಿಲ್ಲ, ಇದರಲ್ಲಿ ಮೋಸವೆಲ್ಲಿದೆ?” ಎಂದನು ಗಂಡ. “ಕೊಳ್ಳುವಾಗ ತಿಳಿದಿರಲಿಲ್ಲ, ಆದುದರಿಂದ ಮೋಸವಿಲ್ಲ. ಈಗ ತಿಳಿಯಿತಲ್ಲ! ಕಪಾಟಿನ ಬಣ್ಣವನ್ನು ತೆಗೆದಿರಿ. ಬೆಲೆಯ ಮೇಲಿನ ಬಣ್ಣವನ್ನು ಹಾಗೆಯೇ ಬಿಡುವಿರೇನು?” ಎಂದು ಹೇಳಿ ಅವಳು ಒಳಗೆ ಹೋದಳು. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಮಗಳ ಕಾಲೇಜಿನ ಶುಲ್ಕವನ್ನು ಕಟ್ಟಬೇಕಾಗಿದ್ದಿತು. ಮನೆಯ ಹಂಚನ್ನು ಸರಿಮಾಡಿಸಬೇಕಾಗಿದ್ದಿತು. ನ್ಯಾಯಸ್ಥಾನದಲ್ಲಿ ಕೇಳಿದರೂ ಅವನದು ತಪ್ಪೆನ್ನುವವರಿಲ್ಲ. ಆದರೂ ಲಿಂಗಪೂಜೆಗೆ ಕುಳಿತರೆ ಕಣ್ಣ ಮುಂದೆ ಮುದುಕಿಯ ಕೈ ಬಂದು ನಿಲ್ಲುತ್ತಿತ್ತು. ನೋಟುಗಳನ್ನು ಎರಡು ಸಲ ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡ ಕೈ.

ಮೂರನೆಯ ದಿನ ಅವನು ಹೋಗಿ, ಇದ್ದುದನ್ನು ಇದ್ದಂತೆ ಹೇಳಿದನು. ಮುದುಕಿಯು ಬಹಳ ಹೊತ್ತು ಸುಮ್ಮನಿದ್ದು, “ಹೊರಗಿನ ಬಣ್ಣ ತೆಗೆದೆ, ಸರಿ ತಮ್ಮಾ. ಒಳಗಿನ ಬಾಗಿಲಿನದನ್ನೂ ತೆಗೆದೆಯಾ?” ಎಂದು ಕೇಳಿದಳು. “ಇಲ್ಲ ಅವ್ವಾ, ಅದಕ್ಕಿನ್ನೂ ಕೈ ಹಚ್ಚಿಲ್ಲ” ಎಂದನು. ಆಗ ಅವಳ ಕಣ್ಣು ತುಂಬಿತು. ಒಳಬದಿಯಲ್ಲಿ ಅವಳ ಗಂಡನು ಸೀಸದ ಕಡ್ಡಿಯಿಂದ ಮಕ್ಕಳೈವರೂ ಹುಟ್ಟಿದ ತಿಥಿವಾರಗಳನ್ನು ಬರೆದಿಟ್ಟಿದ್ದನು. ಐವರಲ್ಲಿ ಉಳಿದವನು ಒಬ್ಬನೇ. ತಾನು ಓದಲಾರದ ಆ ಬರೆಹವನ್ನು ಅವಳು ಅಷ್ಟು ವರ್ಷ ಕಪಾಟು ತೆಗೆಯುವಾಗಲೆಲ್ಲ ಮುಟ್ಟಿ ನೋಡುತ್ತಿದ್ದಳು. ಮಾರುವ ದಿನ ಹೇಳುವುದಕ್ಕೆ ನಾಚಿಕೆಯಾಗಿದ್ದಿತು. ಕಪಾಟನ್ನು ಹಿಂದಕ್ಕೆ ತಂದುಕೊಡುವೆನೆಂದರೆ ಅವಳು ಒಪ್ಪಲಿಲ್ಲ. ಮಗನ ಎರಡು ಕೋಣೆಯ ಮನೆಯಲ್ಲಿ ಅದನ್ನಿಡಲು ಎಡೆಯಿರಲಿಲ್ಲ. ಹೆಚ್ಚಿನ ಬೆಲೆಯಲ್ಲಿ ಅರ್ಧವನ್ನು ಅವನು ಕಂತುಗಳಲ್ಲಿ ಕೊಡುವುದೆಂದೂ, ಒಳಗಿನ ಬಾಗಿಲನ್ನು ಎಂದಿಗೂ ಕೆರೆಯಬಾರದೆಂದೂ ಮಾತಾಯಿತು. ಅವನು ಆ ಬರೆಹವನ್ನು ಒಂದು ಕಾಗದಕ್ಕೆ ಇಳಿಸಿ ಅವಳ ಮಗನ ಕೈಗೂ ಮುಟ್ಟಿಸಿದನು. ಕಪಾಟು ಈಗ ಹೊರಗೆ ಬೀಟೆಯ ಕಾಂತಿಯಿಂದಲೂ ಒಳಗೆ ಹಳೆಯ ಹಸುರಿನಿಂದಲೂ ಇರುತ್ತದೆ. ಮನೆಯ ಹಂಚಿನ ಕೆಲಸವು ಮರುವರ್ಷಕ್ಕೆ ಹೋಯಿತು.

ಈ ದೃಷ್ಟಾಂತದ ಹಿಂದೆ ಶರಣಚರಿತೆಯ ಒಂದು ಪ್ರಸಂಗವು ನಿಂತಿರುವುದನ್ನು ಭಕ್ತರು ಆಗಲೇ ಗುರುತಿಸಿರಬಹುದು. ಆಯ್ದಕ್ಕಿ ಮಾರಯ್ಯನ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಬೇರೆಯವರು ಬೇಡವೆಂದು ಬಿಟ್ಟುದರಲ್ಲಿ ಅನ್ನವನ್ನು ಕಾಣುವ ಆ ಕಾಯಕವು ಹಳೆಯದನ್ನು ಹುಡುಕಿ ತರುವವರೆಲ್ಲರಿಗೂ ಮಾದರಿಯಾದುದು. ಆದರೆ ಆಯುವುದಕ್ಕೂ ಮಿತಿಯುಂಟೆಂದು ತೋರಿಸಿದವಳು ಅವನ ಸತಿ ಲಕ್ಕಮ್ಮ. ಒಂದು ದಿನ ಮಾರಯ್ಯನು ಅಂದಿನ ಅವಶ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಆ ತಾಯಿ ಹೇಳಿದಳು. ನೆಲದ ಮೇಲೆ ಬಿದ್ದ ಅಕ್ಕಿಗೆ ಒಡೆಯರಿರಲಿಲ್ಲ; ತಂದವನನ್ನು ಕೇಳುವವರಿರಲಿಲ್ಲ. ಆದರೂ ಅವಳು ಕೇಳಿದಳು. ಅಗ್ಗದ ವಸ್ತುವನ್ನು ಹುಡುಕಿ ಹೊರಡುವ ಪ್ರತಿಯೊಬ್ಬ ಗೃಹಸ್ಥನ ಮನೆಯಲ್ಲಿಯೂ ಹೀಗೆ ಕೇಳುವವರೊಬ್ಬರು ಇರಬೇಕು. ಇಲ್ಲದಿದ್ದರೆ ಅವನ ಅಂತರಂಗವೇ ಲಕ್ಕಮ್ಮನಾಗಬೇಕು.

ಕೊಳ್ಳಲೇಬಾರದ ವಸ್ತುಗಳೂ ಇವೆ. ಹಳೆಯ ಮೈಸೂರಿನ ಬೀಟೆಯ ಕೆಲಸದಲ್ಲಿ ಆನೆಯ ದಂತವನ್ನು ಕೂಡಿಸಿ ಚಿತ್ರ ಬಿಡಿಸುವ ಪದ್ಧತಿಯಿದ್ದಿತು. ದಂತದ ವ್ಯಾಪಾರವು ಈಗ ವನ್ಯಜೀವಿ ಸಂರಕ್ಷಣೆಯ ಕಾನೂನಿನಂತೆ ಅಪರಾಧ. ಅಂತಹ ಪೆಟ್ಟಿಗೆಯು ಎಷ್ಟು ಸುಂದರವಾಗಿದ್ದರೂ ಅದಕ್ಕೆ ಕೈ ಚಾಚಬಾರದು. ನೂರು ವರ್ಷ ಮೀರಿದ ಶಿಲ್ಪ, ಕೆತ್ತನೆ, ಕಲಾಕೃತಿಗಳಿಗೆ ೧೯೭೨ರ ಪುರಾತನ ವಸ್ತುಗಳ ಅಧಿನಿಯಮವು ಅನ್ವಯಿಸುತ್ತದೆ. ಅವುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಗುಡಿಯ ದ್ವಾರಬಂಧ, ರಥದ ಕೆತ್ತನೆಯ ಹಲಗೆ, ಮಠದ ಪಲ್ಲಕ್ಕಿಯ ದಂಡಿಗೆ ಇಂಥವು ಅಂಗಡಿಯಲ್ಲಿ ಕಂಡರೆ, ‘ಎಲ್ಲಿಂದ ಬಂದಿತು?’ ಎಂದು ಮೊದಲು ಕೇಳಬೇಕು. ಉತ್ತರವು ಸ್ಪಷ್ಟವಾಗಿಲ್ಲದಿದ್ದರೆ ಹಿಂದಿರುಗಬೇಕು. ಯಾವುದೋ ಊರಿನ ಭಕ್ತರ ಕಣ್ಣೀರು ಅಂಟಿದ ಮರವನ್ನು ತಂದು ಸ್ವಂತ ಪಡಸಾಲೆಯನ್ನು ಅಲಂಕರಿಸುವುದು ಜೀರ್ಣೋದ್ಧಾರವೆನಿಸದು.

ಈಗ ಮೊದಲಿನ ಶಂಕೆಗೆ ಬರಬಹುದು. ವಸ್ತುವಿನ ಮೇಲೆ ಇಷ್ಟು ಆಸಕ್ತಿಯು ಮೋಹವಾಗದೇ? ಖಂಡಿತವಾಗಿಯೂ ಆಗಬಹುದು. ಹುಡುಕುವುದರಲ್ಲಿಯೇ ಒಂದು ಮದವುಂಟು. ಮೊದಲು ಒಂದು ಕುರ್ಚಿ, ಆಮೇಲೆ ಅದಕ್ಕೊಂದು ಜೊತೆ, ಆಮೇಲೆ ಅವೆರಡರ ನಡುವೆ ಮೇಜು. ಕಡೆಗೆ ಮನೆಯು ಉಗ್ರಾಣವಾಗಿ, ಬಂದವರಿಗೆ ಕಾಲಿಡಲು ಸ್ಥಳವಿಲ್ಲದಂತಾಗುವುದು. ‘ಅದರ ಮೇಲೆ ಕುಳಿತುಕೊಳ್ಳಬೇಡಿ, ಹಳೆಯದು’ ಎಂದು ಅತಿಥಿಗೆ ಹೇಳುವ ಮನೆಗಳೂ ಇವೆ! ಕುಳಿತುಕೊಳ್ಳಬಾರದ ಕುರ್ಚಿಯೇ ನಿಜವಾದ ಸ್ಥಾವರ. ಹತ್ತು ಮಂದಿ ಕುಳಿತೇಳುವ, ಮಳೆಗಾಲದಲ್ಲಿ ದಾರಿಹೋಕನು ಒರಗುವ, ಮಕ್ಕಳು ಬರೆಯುವ ಬೆಂಚು ನಿಂತಲ್ಲಿಯೇ ನಡೆದಾಡುವಂಥದು, ಅದರಲ್ಲಿ ಜಂಗಮಸೇವೆಯುಂಟು. ಅನುಭವಮಂಟಪದ ಶೂನ್ಯಪೀಠಕ್ಕೆ ಹಿರಿಮೆ ಬಂದುದು ಅದು ಯಾವ ಮರದ್ದೆಂಬುದರಿಂದಲ್ಲ, ಅಲ್ಲಮಪ್ರಭುವಿನ ಅರಿವಿನಿಂದ. ಆದುದರಿಂದ ಗೃಹಸ್ಥನು ವಸ್ತುವನ್ನು ತರುವ ಮೊದಲು ‘ಇದರ ಮೇಲೆ ಯಾರು ಕುಳಿತುಕೊಳ್ಳುವರು, ಇದರಲ್ಲಿ ಏನನ್ನಿಡುವೆನು?’ ಎಂದು ಕೇಳಿಕೊಳ್ಳಲಿ. ಉತ್ತರವಿದ್ದರೆ ತರಲಿ. ಇಲ್ಲದಿದ್ದರೆ, ಕೈಯಲ್ಲಿ ಕಸುಬಿರುವವನು ಅದನ್ನು ಸರಿಮಾಡಿ ಊರ ಶಾಲೆಗೆ ಬೆಂಚಾಗಿ, ಪ್ರಸಾದನಿಲಯಕ್ಕೆ ಕಪಾಟಾಗಿ, ಬಡವರ ಮನೆಯ ಬಾಣಂತಿಗೆ ಮಂಚವಾಗಿ ಕೊಡಲಿ. ದಾಸೋಹವು ಅನ್ನದಿಂದ ಮಾತ್ರ ಆಗತಕ್ಕದ್ದೆಂದು ಯಾರೂ ಹೇಳಿಲ್ಲ.

ಕಡೆಯದಾಗಿ ಒಂದು ಮಾತನ್ನು ಸದ್ಭಕ್ತರು ಮನಸ್ಸಿಗೆ ತಂದುಕೊಳ್ಳಬೇಕು. ಮನೆಯಲ್ಲಿ ಜೀರ್ಣವಾಗುವುದು ಮರವೊಂದೇ ಅಲ್ಲ. ಪಡಸಾಲೆಯಲ್ಲಿ ಅಜ್ಜನ ಕಾಲದ ಆರಾಮಕುರ್ಚಿಯನ್ನು ಸಾವಿರಾರು ರೂಪಾಯಿ ಕೊಟ್ಟು ಸರಿಮಾಡಿಸಿ, ಬಂದವರಿಗೆಲ್ಲ ತೋರಿಸಿ ಹೊಗಳಿಸಿಕೊಳ್ಳುವ ಗೃಹಸ್ಥನ ಮನೆಯ ಹಿಂದಿನ ಕೋಣೆಯಲ್ಲಿ, ಆ ಕುರ್ಚಿಯಲ್ಲಿ ಕುಳಿತು ಅವನನ್ನು ತೊಡೆಯ ಮೇಲೆ ಆಡಿಸಿದ ತಂದೆಯು ಮಾತನಾಡಿಸುವವರಿಲ್ಲದೆ ಮಲಗಿರುವುದುಂಟು. ಕುರ್ಚಿಯ ಕೀಲಿಗೆ ಎಣ್ಣೆ ಬಿದ್ದಿದೆ. ಮೊಣಕಾಲಿನ ಕೀಲಿಗೆ ಎಣ್ಣೆ ಹಚ್ಚುವವರಿಲ್ಲ. ಹಳೆಯ ಪೆಟ್ಟಿಗೆಯ ಬೀಗದ ಕೈಯನ್ನು ಸಂತೆಸಂತೆ ತಿರುಗಿ ಹುಡುಕುವವನು, ಹಳೆಯ ತಾಯಿಯ ಮಾತನ್ನು ಎರಡನೆಯ ಸಲ ಕೇಳಲು ಬೇಸರಪಡುತ್ತಾನೆ. ಮರದ ಬಿರುಕಿಗೆ ಅಷ್ಟು ತಾಳ್ಮೆ, ಮನುಷ್ಯನ ಬಿರುಕಿಗೆ ಇಷ್ಟು ಆತುರ. ಮುದುಕರ ಮರೆವು, ಮಾತಿನ ಪುನರುಕ್ತಿ, ಕೈಯ ನಡುಕ ಇವುಗಳನ್ನು ಕೆರೆದು ತೆಗೆಯಬೇಕಾದ ಕೊಳೆಯೆಂದು ತಿಳಿಯದೆ, ಬಹುಕಾಲದ ಬಳಕೆಯಿಂದ ಬಂದ ಕಾಂತಿಯೆಂದು ತಿಳಿಯುವುದನ್ನು ಆ ಹಳೆಯ ಕುರ್ಚಿಯೇ ಅವನಿಗೆ ಕಲಿಸಬೇಕಾಗಿತ್ತು.

ಮುರಿದ ಸ್ನೇಹವು ಖಂಡ; ಅಣ್ಣತಮ್ಮಂದಿರ ನಡುವಣ ಬಿರುಕು ಸ್ಫುಟಿತ; ಹೆತ್ತವರ ದೇಹವು ಜೀರ್ಣ. ಇವುಗಳ ಉದ್ಧಾರಕ್ಕೆ ಯಾವ ಅರಸನೂ ಭೂಮಿಯನ್ನು ಬಿಟ್ಟಿಲ್ಲ. ಪ್ರತಿಯೊಬ್ಬ ಗೃಹಸ್ಥನೂ ತನ್ನ ದಿನದ ಒಂದು ಗಳಿಗೆಯನ್ನು ಅದಕ್ಕೆಂದು ಬಿಡಬೇಕು. ಇಂದು ಸಂಜೆ ಸಂತೆಯಿಂದ ಹಿಂದಿರುಗಿದವನು ತಂದ ವಸ್ತುವನ್ನು ಅಂಗಳದಲ್ಲಿಟ್ಟು, ಮೊದಲು ಒಳಗೆ ಹೋಗಿ ಹಿರಿಯರನ್ನು ಕೈಹಿಡಿದು ಹೊರಗೆ ಕರೆತಂದು, ಅದರ ಮೇಲೆ ಕುಳ್ಳಿರಿಸಿ, “ಇದು ಯಾವ ಕಾಲದ್ದಿರಬಹುದು, ಅಪ್ಪಾ?” ಎಂದು ಕೇಳಲಿ. ಅವರಿಗೆ ತಿಳಿದಿರುತ್ತದೆ. ಅವರು ಹೇಳುವುದನ್ನು ಕೊನೆಯವರೆಗೆ ಕೇಳುವ ತಾಳ್ಮೆಯನ್ನು ಪರಶಿವನು ಸಕಲ ಸದ್ಭಕ್ತರಿಗೂ ಕರುಣಿಸಲಿ.